ಯು ಟರ್ನ್ ಸಿನೆಮಾ, ನಮ್ಮ ಸಂಡಿಗಿ, ಮತ್ತ ಎರಡು ಕಲ್ಲು

ಈ ಸರತೆ ನಮ್ಮನ್ಯಾಗ ಸಂಡಿಗಿ ಹಾಕೋದು ಭಾಳ ತಡಾ ಆತು. ಯುಗಾದಿ ಮುಗದು ಹದಿನೈದು ದಿನಾ ಆದ್ರೂ ನಾ ಅಕ್ಕಿ ನೆನಸಿರಲಿಲ್ಲ. ನಮ್ಮ ಅತ್ತಿಯವರು ದಿನಾ ಮುಂಜಾನೆ ಚಹಾ ಕುಡೀತ ಬಿಸಲು ನೋಡೋದು, "ಏನ್ ಛಂದ ಬಿಸಲು ಬಿದ್ದದ, ಸುಮ್ನ ಹಾಳಾಗಿ ಹೋಗ್ಲಿಕತ್ತದ" ಅನ್ನೋದು. ಬಿಸಲೂ ಹಾಳಾಗ್ತದ ಅಂತ ನನಗ ಈ ಮನಿಗೆ ಬಂದ ಮ್ಯಾಲೆನ ಗೊತ್ತಾಗಿದ್ದು. ಕಡೀಕ ಮಗಳು ಬೆಂಗಳೂರಿಂದ ನಾಕು ದಿನದ ಸೂಟಿ ಹಾಕಿ ಹುಬ್ಬಳ್ಳಿಗೆ ಬಂದ್ಲು, ಅಕೀನ್ನ ಕೈಗೆ ಹಚಗೊಂಡು ಒಂದ ದಿನದಾಗ ಅಕ್ಕಿ ಸಂಡಿಗಿ, ಸಾಬೂದಾಣಿ ಸಂಡಿಗಿ ಎರಡೂ ಮುಗಿಸಿ ಮಾಳಿಗಿ ಮ್ಯಾಲೆ ಹಾಕಿ ಬಂದ್ವಿ.

ಮಧ್ಯಾಹ್ನ ಊಟಾ ಆತು. ನಮ್ಮನಿಯವರು ಒಳಗ ಗೊರಕಿ ಹೊಡಿಲಿಕತ್ತಿದ್ರು. ಮಗಳು ಪಡಸಾಲ್ಯಾಗ ಟಿವಿ ಮುಂದ ಕೂತು, "ಅಮ್ಮಾ, ನೀ ಯು ಟರ್ನ್ ನೋಡಿಯೇನ?" ಅಂದ್ಲು. ನಾ ಹೆಸರು ಕೇಳಿದ್ದೆ, ನೋಡಿರಲಿಲ್ಲ. 2016ರಾಗ ಬಂದದ್ದು ಅದು, ಮೇ ತಿಂಗಳದಾಗ. ಆಗ ಯಾರೋ ದೆವ್ವದ ಸಿನೆಮಾ ಅಂದ್ರು ಅಂತ ನಾ ಅದರ ಗೊಡವಿಗೆ ಹೋಗಿರಲಿಲ್ಲ. ದೆವ್ವ ಅಂದ್ರ ಬಿಳಿ ಸೀರಿ, ಬಿಚ್ಚಿದ ಕೂದಲು, ಬಾಗಲಾ ಕಿರ್ರ್ ಅನ್ನೋದು, ಇಷ್ಟ ಅಲ್ಲಾ? ಅತ್ತಿಯವರು ಗೋಡಿಗೆ ಆನಿಸಿಕೊಂಡು ಕೂತಾವ್ರು, "ದೇವರದ ಏನರೆ ಹಚ್ಚು" ಅಂದ್ರು. ಮಗಳು, "ಅಜ್ಜಿ, ಇದು ಟ್ರಾಫಿಕ್‌ದ ಸಿನೆಮಾ" ಅಂದ್ಲು. ಟ್ರಾಫಿಕ್ ಮ್ಯಾಲೆ ಯಾರು ಸಿನೆಮಾ ತಗೀತಾರಪಾ ಅಂತ ಅವರೂ ಕಣ್ಣು ತಗದು ಕೂತ್ರು.

ನೋಡಿರದವರಿಗೆ ಕತಿ ಸ್ವಲ್ಪ ಹೇಳ್ತೇನಿ, ಪೂರ್ತಿ ಹೇಳಂಗಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್. ಅದರ ನಡುವ ಸಿಮೆಂಟಿನ ಕಲ್ಲು ಸಾಲಾಗಿ ಇಟ್ಟಿರ್ತಾರ, ಆಕಡೆ ಈಕಡೆ ಯಾರೂ ತಿರಗಬಾರದು ಅಂತ. ಮುಂದ ಹೋಗಿ ಸುತ್ತು ಹೊಡದು ಬರಬೇಕಲ್ಲಾ ಅಂತ ಬ್ಯಾಸರ ಬಂದವರು ಏನ್ ಮಾಡ್ತಾರ, ಗಾಡಿ ನಿಲ್ಲಿಸಿ ಒಂದು ಕಲ್ಲು ಸರಿಸಿ ತಿರಗಿಸಿಕೊಂಡು ಹೋಗ್ಬಿಡ್ತಾರ. ಸರಿಸಿದ ಕಲ್ಲು ಹಂಗ ರಸ್ತೆ ಮ್ಯಾಲೆ ಉಳೀತದ. ಹಿಂದಿಂದ ಬರೋವರು ಅದಕ್ಕ ಹಾದು ಬೀಳ್ತಾರ, ಸಾಯ್ತಾರ. ಪೇಪರ್‌ದಾಗ ಕೆಲಸ ಕಲೀಲಿಕ್ಕೆ ಸೇರಿದ ರಚನಾ ಅನ್ನೋ ಹುಡುಗಿ ಇದರ ಮ್ಯಾಲೆ ಲೇಖನ ಬರೀಬೇಕಂತ ಹೊಂಡ್ತಾಳ. ಆ ಫ್ಲೈಓವರ್ ಮ್ಯಾಲೆ ಮನಿ ಮಠ ಇಲ್ಲದಾಂವ ಒಬ್ಬ ಕೂತಿರ್ತಾನ, ಕಲ್ಲು ಸರಿಸಿದವರ ಗಾಡಿ ನಂಬರ್ ಬರದು ಅಕೀಗೆ ಕೊಡ್ತಿರ್ತಾನ. ಆ ನಂಬರ್ ಹಿಡಕೊಂಡು ಇಕಿ ಒಬ್ಬನ್ನ ಮಾತಾಡಸ್ಲಿಕ್ಕೆ ಹೋದ್ರ ಅಂವ ಸಿಗೂದಿಲ್ಲ. ಅದ ದಿನ ಪೊಲೀಸರು ಬಂದು, ಅಂವ ಸತ್ತಾನ, ನಡಿ ಠಾಣೆಗೆ, ಅಂತಾರ. ಆಮ್ಯಾಲೆ ನೋಡಿದ್ರ ಅಕೀ ಯಾದಿಯೊಳಗಿದ್ದವರೆಲ್ಲಾ ಹೋಗಿಬಿಟ್ಟಿರ್ತಾರ. ಯಾವ ದಿನ ಕಲ್ಲು ಸರಿಸ್ಯಾರೋ ಅದ ದಿನ!

ಅತ್ತಿಯವರು ಅಷ್ಟೊತ್ತಿಗೆ ನೆಟ್ಟಗ ಎದ್ದು ಕೂತಿದ್ರು.

ಇದಕ್ಕ ಭಾಳ ರೊಕ್ಕಾ ಹಾಕಿಲ್ಲ ಅಂತ ನೋಡಿದವರಿಗೆ ತಿಳೀತದ. ಒಂದು ಫ್ಲೈಓವರ್, ಒಂದು ಪೊಲೀಸ್ ಠಾಣೆ, ಒಂದೆರಡು ಮನಿ, ಮಳಿ, ರಾತ್ರಿ. ಫಾರಿನ್‌ಗೆ ಹೋಗಿ ಕುಣಿಯೋದಿಲ್ಲ, ಒಬ್ಬಾಂವ ಹೊಡದ್ರ ಹತ್ತು ಮಂದಿ ಹಾರಿ ಬೀಳೋದಿಲ್ಲ. ತಗದಾಂವ ಪವನ್ ಕುಮಾರ್. ಅಂವ ಇದಕ್ಕಿಂತ ಮದ್ಲ 2013ರಾಗ ಲೂಸಿಯಾ ಅಂತ ಮಾಡಿದ್ದ, ಸತೀಶ ನೀನಾಸಂ ಇದ್ದದ್ದು. ಅದಕ್ಕ ದೊಡ್ಡ ಸಾವಕಾರ ಯಾರೂ ಸಿಗಲಿಲ್ಲಂತ ಮಂದಿ ಕಡೆನ ಸ್ವಲ್ಪ ಸ್ವಲ್ಪ ರೊಕ್ಕಾ ಕೂಡಿಸಿ ಸಿನೆಮಾ ಮಾಡಿದ್ರು. ನಮ್ಮ ಓಣ್ಯಾಗಿನ ಭಿಶಿ ಇದ್ದಂಗ ಅನ್ರಿ. ನಮ್ಮ ಭಿಶ್ಯಾಗ ಎತ್ತಿದ ರೊಕ್ಕದಾಗ ಇಷ್ಟು ವರ್ಷದಾಗ ಆದದ್ದು ಅಂದ್ರ ಮಿಕ್ಸರು, ಕುಕ್ಕರು, ಒಬ್ಬರದ ಬಂಗಾರದ ಬೆಂಡೋಲಿ. ಸಿನೆಮಾ ಒಂದು ಬಾಕಿ ಅದ.

ಆದ್ರ ನಾ ಹೇಳಬೇಕಂತ ಕೂತಿದ್ದು ಆ ಹುಡುಗಿ ಬಗ್ಗೆ. ಶ್ರದ್ಧಾ ಶ್ರೀನಾಥ್. ಕನ್ನಡದಾಗ ಅಕೀದು ಇದ ಮೊದಲನೇ ಸಿನೆಮಾ. ಮಗಳು ಹೇಳಿದ್ಲು, ಅಕಿ ಮಿಲಿಟ್ರಿಯವರ ಮಗಳಂತ, ಕಾನೂನು ಓದಿ ವಕೀಲಕಿ ಕೆಲಸ ಮಾಡಿಕೋತ ನಾಟಕದಾಗ ಪಾರ್ಟ್ ಮಾಡ್ತಿದ್ಲಂತ. ಈ ಸಿನೆಮಾಕ್ಕ ಅಕೀಗೆ ಫಿಲ್ಮ್‌ಫೇರ್ ಬಂತು. ಬರಬೇಕಾದ್ದ ಅದು.

ಯಾಕಂದ್ರ ಅಕಿ ಅಂಜೋದು ಹೆಂಗದ ಅಂದ್ರ, ನಾವು ಅಂಜೋ ಹಂಗ ಅದ. ನಮ್ಮ ಸಿನೆಮಾದಾಗ ಹೆಣ್ಮಕ್ಕಳು ಅಂಜಿದ್ರು ಅಂದ್ರ ಕಿಟಾರನ ಚೀರಿ, ಎರಡೂ ಕೈ ಗಲ್ಲಕ್ಕ ಇಟಗೊಂಡು ಹೀರೋನ ಎದಿಗೆ ಬೀಳಬೇಕು. ಖರೆ ಖರೆ ಅಂಜಿದಾಗ ಯಾರು ಚೀರ್ತಾರ್ರೀ? ರಾತ್ರಿ ಎರಡು ಗಂಟೆಕ್ಕ ಫೋನ್ ಬಾರಿಸಿದ್ರ ನಾವು ಚೀರ್ತೇವೇನು? ಬಾಯಾಗಿನ ನೀರು ಆರಿ ಹೋಗ್ತದ, ಹಲೋ ಅನ್ಲಿಕ್ಕೆ ಧ್ವನಿ ಬರೂದಿಲ್ಲ. ಅಕಿ ಹಂಗ ಮಾಡ್ಯಾಳ. ಠಾಣೆದಾಗ ಕೂಡಿಸಿ ಪೊಲೀಸರು ಕೇಳಿದ್ದನ್ನ ಕೇಳ್ತಾರಲ್ಲಾ, ಅಲ್ಲೆ ಅಕೀ ಮಾರಿ ನೋಡಬೇಕು. ನಾ ಖರೆ ಹೇಳ್ಲಿಕತ್ತೇನಿ ಅಂತ ಅಕೀಗೆ ಗೊತ್ತದ. ಆದ್ರ ನಾ ಹೇಳೋದು ಇವರಿಗೆ ಸುಳ್ಳಿನಂಗ ಕೇಳಸ್ಲಿಕತ್ತದ ಅನ್ನೋದೂ ಗೊತ್ತದ. ಈ ಎರಡೂ ಒಮ್ಮೆಲೆ ಒಂದ ಮಾರಿ ಮ್ಯಾಲೆ ತರೋದು ಸಣ್ಣ ಮಾತಲ್ಲ. ಅಳೂ ಬಂದದ, ಆದ್ರ ಅತ್ರ ಇನ್ನೂ ಸಂಶಯ ಪಡ್ತಾರ ಅಂತ ನುಂಗಿಕೊಂಡಾಳ.

ಮತ್ತೊಂದು ಅಂದ್ರ, ಅಕಿ ಹೀರೋಯಿನ್ ಹಂಗ ಕಾಣಸೂದಿಲ್ಲ. ಮಾರಿಗೆ ಬಣ್ಣಾ ಮೆತ್ತಿಲ್ಲ, ಮೈಮ್ಯಾಲೆ ಆಫೀಸಿಗೆ ಹೋಗೋ ಹುಡುಗ್ಯಾರ ಬಟ್ಟಿ. ಜೋಡಿ ಕೆಲಸಾ ಮಾಡೋ ಹುಡುಗನ ಮ್ಯಾಲೆ ಅಕೀಗೆ ಒಂಚೂರು ಮನಸ್ಸು. ಅದನ್ನೂ ಭಾಳ ಬೆಳಸಿಲ್ಲ. ನಕ್ಕರ ಮಗಳ ಗೆಳತಿ ಯಾರೋ ನಕ್ಕಂಗ ಅನಸ್ತದ. ಹಂತಾ ಹುಡುಗೀಗೆ ಆಗಬಾರದ್ದು ಆಗ್ತದ, ಅದಕ್ಕ ನಮಗ ಹೊಟ್ಟ್ಯಾಗ ಕಲಸ್ತದ. ಪೊಲೀಸರೊಳಗ ಒಬ್ಬಾಂವ, ನಾಯಕ್ ಅಂತ, ಅಕೀ ಮಾತು ನಂಬ್ತಾನ. ರೋಜರ್ ನಾರಾಯಣ್ ಅಂತ ಆ ಪಾರ್ಟ್ ಮಾಡಿದಾಂವ, ಅಂವನೂ ಒದರೂದಿಲ್ಲ, ಮೀಸಿ ತಿರುವೂದಿಲ್ಲ. ಅವನ್ನ ನೋಡಿ ಅತ್ತಿಯವರು, "ಇಂವ ಛಲೋ ಮನಿತನದಾಂವ ಕಾಣಸ್ತಾನ" ಅಂದ್ರು. ನಮ್ಮ ಅತ್ತಿಯವರು ಸಿನೆಮಾದಾಗಿನ ಪೊಲೀಸರಿಗೂ ಕನ್ಯಾ ನೋಡೋವರು.

ಉಳಿದವರನ್ನರೆ ಉಳಿಸಿಕೊಳ್ಳೋಣು ಅಂತ ಆ ನಾಯಕ್ ಮತ್ತ ಇಕಿ ಒದ್ದಾಡ್ತಾರ. ಠಾಣೆದಾಗ ಕೂಡಿ ಹಾಕಿ ಇಟ್ಟ ಇಬ್ಬರು ಹುಡುಗರೂ ಉಳಿಯೂದಿಲ್ಲ. ಅದಾದ ಮ್ಯಾಲೆ ಅಕೀ ಕಣ್ಣು ನೋಡ್ರಿ. ಏನೂ ಮಾಡೂದಿಲ್ಲ ಅಕಿ. ಸುಮ್ನ ನೋಡ್ತಾಳ.

ಅಲ್ಲೀತನಕಾ ನಾ ನಿಮ್ಮಂಗನ ಸಿನೆಮಾ ನೋಡ್ಲಿಕತ್ತಿದ್ದೆ. ಕೈಯಾಗ ಚುರಮುರಿ ಬುಟ್ಟಿ ಇತ್ತು. ಒಬ್ಬಾಂವ ಬಂದು ಗಾಡಿ ನಿಲ್ಲಿಸಿ, ಆಕಡೆ ಈಕಡೆ ನೋಡಿ, ಬಗ್ಗಿ ಕಲ್ಲು ಸರಸ್ತಾನ, ಗಾಡಿ ಹತ್ತಿ ಹೋಗ್ತಾನ. ಕಲ್ಲು ಅಲ್ಲೆ ಬಿದ್ದದ. ಮಗಳು, "ನೋಡಮ್ಮಾ, ಅದ ಫ್ಲೈಓವರ್ ಮ್ಯಾಲೆನ ನಾ ಆಫೀಸಿಗೆ ಹೋಗೋದು" ಅಂದ್ಲು. ನನಗ ಆ ಮಾತು ಕೇಳಸಲಿಲ್ಲ. ನನ್ನ ಕಣ್ಣು ಆ ಕಲ್ಲಿನ ಮ್ಯಾಲೆ ಇತ್ತು. "ಹಾಲು ಉಕ್ಕಿತೇನೋ" ಅಂತ ಎದ್ದು ಅಡಗಿಮನಿಗೆ ಹೋದೆ. ಒಲಿ ಮ್ಯಾಲೆ ಹಾಲು ಇಟ್ಟೇ ಇರಲಿಲ್ಲ.

ಇದನ್ನ ನಾ ಯಾರ ಮುಂದೂ ಹೇಳಿರಲಿಲ್ಲ. ಓಣ್ಯಾಗಿನವರು ಇದನ್ನ ಓದಿದ್ರ ನಿಮಗ ನೆನಪಾಗ್ತದ. ಮಗಳು ಹತ್ತನೇತ್ತಾ ಇದ್ದ ವರ್ಷ. ಆಗ ನಮ್ಮ ಮಾಳಿಗಿ ಮ್ಯಾಲೆ ನೀರಿನ ಟಾಕಿ ಕಟ್ಟಸ್ಲಿಕತ್ತಿದ್ವಿ, ಅಲ್ಲೆ ಕಾಲಿಡ್ಲಿಕ್ಕೆ ಜಾಗಾ ಇಲ್ಲ, ಉಸುಕು, ಸಿಮೆಂಟು. ಸಂಡಿಗಿ ಎಲ್ಲೆ ಹಾಕೋದು? ನಾ ಮನಿ ಮುಂದಿನ ರಸ್ತೆ ಮ್ಯಾಲೆನ ಹಳೇ ಧೋತರ ಹಾಸಿ ಹಾಕಿದೆ. ಹುಡುಗರು ಗಾಡಿ ತಗೊಂಡು ಮ್ಯಾಲೆ ಹಾಯ್ದಾರು ಅಂತ, ಎದುರಿಗೆ ಕಟ್ಟಲಿಕತ್ತಿದ್ದ ಮನಿ ಮುಂದ ಬಿದ್ದ ಸೈಜ್‌ಗಲ್ಲು ನಾಕು ಉಳ್ಳಿಸಿಕೊಂಡು ಬಂದು ನಾಕೂ ಮೂಲಿಗೆ ಇಟ್ಟೆ. ಸಂಜಿಕೆ ಮಳಿ ಮಾಡ ಆತು, ಗಾಳಿ ಬಿಟ್ಟಿತು. ನಾ ಒಬ್ಬಾಕಿ, ಧೋತರ ಸುತ್ತಿಕೊಂಡು ಓಡಿ ಒಳಗ ಬಂದೆ. ಮನೀ ಕಡೆ ಇದ್ದ ಎರಡು ಕಲ್ಲು ಕಾಲಿಲೆ ಗಟಾರದ ಕಡೆ ನೂಕಿದೆ. ರಸ್ತೆ ನಡುವ ಇದ್ದ ಎರಡು ಹಂಗ ಉಳಿದ್ವು. ಆಮ್ಯಾಲೆ ತಗದರಾತು ಅಂದೆ. ಆಮ್ಯಾಲೆ ಕರೆಂಟು ಹೋತು, ಅಡಗಿ, ಊಟಾ, ಮಗಳ ಅಭ್ಯಾಸ. ನೆನಪಾಗಲಿಲ್ಲ ಅಂತ ಹೇಳಿದ್ರ ಸುಳ್ಳು. ಮಲಗೋ ಮುಂದ ಒಮ್ಮೆ ನೆನಪಾತು. ಮುಂಜಾನೆ ನೋಡಿದರಾತು ಅಂತ ಮಗ್ಗಲಾದೆ.

ನಸೀಕಲೆ ಹಾಲಿನ ಹುಡುಗ ಸೈಕಲ್ ಮ್ಯಾಲೆ ಬಂದಾಂವ ಅದರ ಮ್ಯಾಲೆ ಹಾದು ಬಿದ್ದ. ಓಣಿ ತುಂಬ ಹಾಲು. ಅವನ ಬಲಗೈ ಮಣಿಕಟ್ಟು ಮುರೀತು. ಆಗಿನ್ನೂ ಹದಿನೇಳು ಹದಿನೆಂಟರ ಹುಡುಗ. ಒಂದೂವರಿ ತಿಂಗಳು ಪ್ಲಾಸ್ಟರ್ ಹಾಕಿದ್ರು, ಅಲ್ಲೀತನಕಾ ಅವರವ್ವ ನಡಕೋತ ಕ್ಯಾನ್ ಹೊತಗೊಂಡು ಬಂದು ನಮಗೆಲ್ಲಾ ಹಾಲು ಹಾಕಿದ್ಲು. ನಾ ಬಾಗಲದಾಗ ಪಾತೇಲಿ ಹಿಡದು ನಿಲ್ತಿದ್ದೆ, ಅಕೀ ಮಾರಿ ನೋಡ್ತಿರಲಿಲ್ಲ, ಮಾಪಿನ ಕಡೆ ನೋಡ್ತಿದ್ದೆ.

ಅಷ್ಟ ಆಗಿದ್ರ ನಾ ಎಂದರೆ ಹೇಳಿಬಿಡ್ತಿದ್ದೆನೋ ಏನೋ. ಹುಡುಗ ಬಿದ್ದ ದಿನ ಓಣಿ ಮಂದಿ ಎಲ್ಲಾ ಕೂಡಿ, "ಕಲ್ಲು ಯಾರ್ದು? ಕಟ್ಟೋ ಮನೀದು" ಅಂತ ಆ ಮನಿ ವಾಚ್‌ಮನ್‌ನ ಹಿಡಕೊಂಡ್ರು. ಗದಗ ಕಡೆಯವರು ಅವರು, ಗಂಡಾ ಹೆಂಡ್ತಿ, ಒಂದು ಸಣ್ಣ ಕೂಸು, ಅಲ್ಲೆ ತಗಡಿನ ಶೆಡ್ಡಿನ್ಯಾಗ ಇರ್ತಿದ್ರು. ಕುಡದು ಕಲ್ಲು ಉಳ್ಳಿಸಿ ಬಿಟ್ಟಾನ ಅಂತ ಒಬ್ಬರು ಅಂದ್ರು. ಅಂವ ಕುಡಿತಿದ್ನೋ ಇಲ್ಲೋ ನನಗ ಗೊತ್ತಿಲ್ಲ. ಅಂವ ಅಳಕೋತ ಕೈ ಮುಗದ. ಹೆಂಡ್ತಿ ಬಾಗಲದಾಗ ಕೂಸು ಎತಗೊಂಡು ನಿಂತಿದ್ಲು. "ನಾವು ಇಟ್ಟಿಲ್ರೀ ಅಕ್ಕಾರ" ಅಂದ್ಲು. ಎಲ್ಲಾರಿಗೂ ಅಂದ್ಲು. ಆದ್ರ ನೋಡಿದ್ದು ನನ್ನ ಕಡೆ.

ಅಕಿ ನೋಡಿದ್ಲು. ನಾ ಹಿಂದಿನ ದಿನ ಕಲ್ಲು ಉಳ್ಳಿಸಿಕೊಂಡು ಹೋಗೋ ಮುಂದ ಅಕಿ ಅಲ್ಲೆ ಕೂತು ಜ್ವಾಳಾ ಹಸನು ಮಾಡ್ಲಿಕತ್ತಿದ್ಲು, "ನಾ ಎತ್ಲೇನ್ರೀ?" ಅಂತ ಕೇಳಿದ್ಲು ಕೂಡ. ನಾನ, "ಬ್ಯಾಡ ಬಿಡವಾ" ಅಂದಿದ್ದೆ. ಅಕೀಗೆ ಎಲ್ಲಾ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಿಟ್ಟಿದ್ರೂ ಅಕೀ ಮಾತು ಯಾರು ನಂಬ್ತಿದ್ರು, ಹೇಳ್ರಿ? ನಾನು ಏನ್ ಮಾಡಿದೆ ಅಂದ್ರ, ಬಾಜೂ ಮನಿ ವೈನಿ "ಇವರಿಗೆ ಎಷ್ಟರ ಹೇಳ್ಬೇಕವಾ" ಅಂದಾಗ ಹೂಂ ಅಂತ ಗೋಣು ಹಾಕಿದೆ. ಎಂಟು ದಿನಕ್ಕ ಆ ಶೆಡ್ಡು ಖಾಲಿ ಆತು. ದವಾಖಾನಿ ಖರ್ಚು ಅವನ ಪಗಾರದಾಗ ಮುರಕೊಂಡ್ರು ಅಂತನೂ ಕೇಳಿದೆ.

ಫ್ಲೈಓವರ್ ಮ್ಯಾಲೆ ಕೂತು ನಂಬರ್ ಬರಕೊಳ್ಳೋ ಆ ಮನುಷ್ಯಾನ್ನ ನೋಡಿ ನನಗ ಎದ್ದು ಹೋಗ್ಬೇಕು ಅನಸಿದ್ದು ಇದಕ್ಕ. ಎಲ್ಲಾರೂ ಅವನ ಮುಂದನ ಕಲ್ಲು ಸರಸ್ತಾರ, ಅಂವ ಇದ್ದಾನ ಅನ್ನೋದ ಅವರ ಲೆಕ್ಕದಾಗ ಇಲ್ಲ.

ಒಂದು ಗ್ಲಾಸ್ ನೀರು ಕುಡದು ತಿರಗಿ ಬಂದು ಕೂತೆ. ಸಿನೆಮಾದಾಗ ಆಗ ದೆವ್ವ ಬಂದಿತ್ತು. ಮಾಯಾ ಅಂತ, ಸಣ್ಣ ಮಗಳನ್ನ ಕರಕೊಂಡು ಗಾಡಿ ಮ್ಯಾಲೆ ಹೊಂಟಾಕಿ, ಅಂಥಾ ಕಲ್ಲಿನಿಂದನ ಇಬ್ಬರೂ ಹೋಗಿರ್ತಾರ. ರಾಧಿಕಾ ಚೇತನ್ ಮಾಡ್ಯಾಳ ಆ ಪಾರ್ಟ್. ಖರೆ ಹೇಳಬೇಕಂದ್ರ ದೆವ್ವ ಬಂದ ಮ್ಯಾಲೆ ನನಗ ಅಂಜಿಕಿ ಕಡಿಮಿ ಆತು. ಯಾಕ ಆತು, ಹೆಂಗ ಆತು ಅಂತ ಬಿಡಿಸಿ ಬಿಡಿಸಿ ಹೇಳ್ತಾರ, ಅಷ್ಟು ಹೇಳಬಾರದಿತ್ತು. ದೆವ್ವ ಇಲ್ಲದಾಗ ಆ ಖಾಲಿ ಫ್ಲೈಓವರ್‌ನ ಹೆಚ್ಚು ಅಂಜಸ್ತದ. ಆದ್ರ ರಚನಾ ಒಂದು ಕೆಲಸಾ ಮಾಡ್ತಾಳ, ಅದಕ್ಕ ಎಲ್ಲಾ ಮಾಫ್. ತಿಳಕೊಳ್ಳಬೇಕಂದ್ರ ಬ್ಯಾರೆ ದಾರಿ ಇಲ್ಲ ಅಂತ ತಾನ ಹೋಗಿ ಆ ಕಲ್ಲು ಸರಿಸಿ ಗಾಡಿ ತಿರಗಿಸ್ತಾಳ. ತಿರಗಿಸಿದವರೆಲ್ಲಾ ಸತ್ತಾರ ಅಂತ ಗೊತ್ತಿದ್ದೂ! ಅಲ್ಲೆ ಅಕಿ ದೊಡ್ಡ ಧೈರ್ಯದಾಕಿ ಹಂಗ ಎದಿ ಉಬ್ಬಿಸಿಕೊಂಡು ಹೋಗಿದ್ರ ನನಗ ನಂಬಿಕಿ ಬರ್ತಿರಲಿಲ್ಲ. ಅಂಜಿಕೋತನ ಹೋಗ್ತಾಳ. ಅಂಜಿಕಿ ಕಳಕೊಂಡು ಹೋಗೋದು ಬ್ಯಾರೆ, ಜೋಡಿ ಇಟಗೊಂಡು ಹೋಗೋದು ಬ್ಯಾರೆ.

ಕಡೀಕ ಏನಾಗ್ತದ ನಾ ಹೇಳಂಗಿಲ್ಲ. ಕಲ್ಲು ಯಾರು ಸರಿಸಿದ್ರು ಅನ್ನೋದರಾಗನ ಎಲ್ಲಾ ಅದ. ಇದನ್ನ ಪವನ್ ಕುಮಾರ್ 2018ರಾಗ ತಮಿಳು, ತೆಲುಗಿನ್ಯಾಗ ಸಮಂತಾನ್ನ ಹಾಕಿ ಮತ್ತ ಮಾಡ್ಯಾನ, 2023ರಾಗ ಹಿಂದಿನೂ ಬಂದದ. ನೋಡೋದಿದ್ರ ಕನ್ನಡದ್ದು ನೋಡ್ರಿ.

ಮುಗದ ಮ್ಯಾಲೆ ಮಗಳು ಟಿವಿ ಆರಿಸಿ, "ಹೆಂಗಿತ್ತಮ್ಮಾ?" ಅಂದ್ಲು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ, ಹೇಳಿಬಿಟ್ಟೆ. ಅಕಿ ಸುಮ್ನ ಕೂತ್ಲು. ಅತ್ತಿಯವರು ಬತ್ತಿ ಹೊಸಿಲಿಕತ್ತಿದ್ರು. ತಲಿ ಎತ್ತಲಾರದ, "ಅವತ್ತ ನಾ ಕೇಳಿದ್ದೆ, ಕಲ್ಲು ಎತ್ತಿಟ್ಟಿಯೇನವಾ ಅಂತ. ಹೂಂ ಅಂದಿದ್ದಿ" ಅಂದ್ರು. ಅದು ನನಗ ಮರತ ಹೋಗಿತ್ತು. ಇಷ್ಟು ವರ್ಷ ಒಂದ ಮನ್ಯಾಗ ಇದ್ದೇವಿ, ಒಂದ ಗಂಗಾಳದಾಗ ಸಂಡಿಗಿ ಹಿಟ್ಟು ಕಲಸೇವಿ, ಅವರು ಒಂದ ದಿನಾನೂ ಆ ಮಾತು ತಗೀಲಿಲ್ಲ. ಬೈದಿದ್ರ ಛಲೋ ಇತ್ತು ಅನಸ್ತು.

ಮರುದಿನ ನಾ ಹಾಲಿನವನ ಕಡೆ ಹೋದೆ. ಈಗ ಅಂವ ಸೈಕಲ್ ಮ್ಯಾಲೆ ಬರೂದಿಲ್ಲ, ಮಾರ್ಕೆಟ್ ಕಡೆ ಸಣ್ಣ ಅಂಗಡಿ ಇಟ್ಟಾನ, ಮದಿವಿ ಆಗ್ಯದ. ಗಿರಾಕಿ ಕಡಿಮಿ ಆಗೋತನಕಾ ಮಸರಿನ ಪಾಕೀಟು ಹಿಡಕೊಂಡು ನಿಂತಿದ್ದೆ. ರಚನಾನ್ನ ನೆನಸಿಕೊಂಡೆ ಅಂದ್ರ ನೀವು ನಗಬ್ಯಾಡ್ರಿ. ಹೇಳಿದೆ. ಅಂವ ಮದ್ಲ ತಿಳೀಲಿಲ್ಲ, ಆಮ್ಯಾಲೆ ನಕ್ಕ. "ಹೋಗ್ಲಿ ಬಿಡ್ರೀ ಅಕ್ಕಾರ, ಯಾವ ಕಾಲದ ಮಾತು" ಅಂದ. ಬಲಗೈ ತಿರಗಿಸಿ ತೋರಿಸಿದ, ಥಂಡಿ ದಿನದಾಗ ಸ್ವಲ್ಪ ನೋಯ್ತದಂತ. ರೊಕ್ಕಾ ಕೊಡ್ಲಿಕ್ಕೆ ಹೋದೆ, ತಗೊಳ್ಳಲಿಲ್ಲ, ಮಸರಿಂದಷ್ಟ ಇಸಗೊಂಡ. ನಾ ಹೊಂಟಾಗ ಹಿಂದಿಂದ ಕರದ. "ಅಕ್ಕಾರ, ಆ ವಾಚ್‌ಮನ್‌ಗ ನಮ್ಮಪ್ಪ ಕಪಾಳಕ್ಕ ಹೊಡದಿದ್ದ" ಅಂದ. ಅಷ್ಟ ಅಂದು ಮುಂದಿನ ಗಿರಾಕಿಗೆ ಹಾಲು ಕೊಡ್ಲಿಕ್ಕೆ ಹತ್ತಿದ.

ಹಿಂಗಾಗಿ ಇದನ್ನ ಬರೀಲಿಕ್ಕೆ ಕೂತೆ. ನಮ್ಮ ಎದುರಿನ ಮನಿ ಕಟ್ಟೋ ಮುಂದ ಅಲ್ಲೆ ಇದ್ದಾಕಿ, ಎಡಗಡೆ ಹುಬ್ಬಿನ ಮ್ಯಾಲೆ ಹಚ್ಚಿ ಇತ್ತು, ಕೂಸಿಗೆ ಆಗ ವರ್ಷಾನೂ ತುಂಬಿರಲಿಲ್ಲ. ನಿಮ್ಮೊಳಗ ಎರಡು ಮನ್ಯಾಗ ಅಕಿ ಭಾಂಡೆ ತಿಕ್ಕಲಿಕ್ಕೂ ಬರ್ತಿದ್ಲು. ಇಲ್ಲಿಂದ ಹೋದ ಮ್ಯಾಲೆ ಅವರು ಎಲ್ಲೆ ಹೋದ್ರು, ಬ್ಯಾರೆ ಯಾವದರೆ ಕಟ್ಟಡದ ಕೆಲಸಕ್ಕ ಹೋದ್ರೋ ಊರಿಗೆ ಹೋದ್ರೋ, ಯಾರಿಗರೆ ಗೊತ್ತಿದ್ರ ನನಗ ತಿಳಸ್ರಿ. ಕಾಕುಗೋಳಿಗೂ ಒಂದು ಮಾತು ಕೇಳಿ ನೋಡ್ರಿ, ಅವರಿಗೆ ಹಳೇದೆಲ್ಲಾ ನೆನಪಿರ್ತದ. ಮನಿಗೆ ಬರೋವರು ಮಧ್ಯಾಹ್ನ ಮೂರರ ಮ್ಯಾಲೆ ಬರ್ರಿ, ಅದಕ್ಕಿಂತ ಮದ್ಲ ಅತ್ತಿಯವರು ಮಲಗಿರ್ತಾರ. ಸಂಡಿಗಿ ಒಣಗ್ಯಾವ, ಕರದು ಇಟ್ಟಿರ್ತೇನಿ.